ಐದು ಅಂಕದ ಪತ್ರ

ಪಾಂಡವಪುರ, ಒಂಬತ್ತನೇ 'ಬಿ', ಊಟ ಮುಗಿದ ಮೇಲಿನ ಪಿರಿಯಡ್ಡು.
ಸಾಂಬಾರಿನ ವಾಸನೆ ಇನ್ನೂ ಬೆರಳಲ್ಲಿರುವ ನಲವತ್ತೊಂದು ಮಕ್ಕಳಿಗೆ
ಬರೆದು ಒಪ್ಪಿಸುವುದು ಹೇಗೆಂದು ಹೇಳಿಕೊಡಬೇಕು.

ಒಪ್ಪಿಸುವುದು ಅಂದರೇನು, ಕೇಳಿದೆ.
"ಮಗ್ಗಿ ಒಪ್ಸೋದು ಮಿಸ್."
"ಕಳ್ಳನ್ನ ಪೊಲೀಸ್ರಿಗೆ ಒಪ್ಸೋದು."
ಹಿಂದಿನ ಬೆಂಚಿನಿಂದ ಧನುಷ್:
"ನಮ್ಮಕ್ಕನ್ನ ಮದ್ವೆಗೆ ಒಪ್ಸುದ್ರು ಮಿಸ್, ಅವ್ಳು ಒಪ್ಪೇ ಇರ್ಲಿಲ್ಲ."
ತರಗತಿ ನಕ್ಕಿತು.
ನನ್ನ ಪಾಠಟಿಪ್ಪಣಿಯಲ್ಲಿ ಇಷ್ಟೊಂದು ಅರ್ಥ ಇರಲಿಲ್ಲ.

ಬೋರ್ಡಿಗೆ ತಿರುಗಿ ಬರೆದೆ:
ಇವರಿಗೆ. ಇವರಿಂದ. ವಿಷಯ. ಮಾನ್ಯರೇ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.
ಕಾರಣ ಕೊಡಿ, ಅಂಕಿಸಂಖ್ಯೆ ಕೊಡಿ,
ಅಳಬೇಡಿ, ಓದುವವರ ಎದೆ ಮಾತ್ರ ಸ್ವಲ್ಪ ಒದ್ದೆಯಾಗಲಿ.
ಕೊನೆಗೆ ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ.
ಸಮಸ್ಯೆ: ಹೊಸಕೊಪ್ಪಲು ಗೇಟಿನಲ್ಲಿ ಬಸ್ಸು ನಿಲ್ಲುವುದಿಲ್ಲ.

ನಲವತ್ತು ಹಾಳೆಗಳು
ಸಾಲಾಗಿ ಹೋಗಿ ಘಟಕ ವ್ಯವಸ್ಥಾಪಕರ ಕಾಲಿಗೆ ಬಿದ್ದವು.
'ಪ್ರಾರ್ಥನೆ' ಆರು ಕಡೆ 'ಪಾರ್ತನೆ' ಆಗಿತ್ತು,
ಅಷ್ಟೇ ಕೆಂಪು ಪೆನ್ನಿನ ಕೆಲಸ.

ನಲವತ್ತೊಂದನೆಯದು ಇಂಪನಳದು.
ವಿಳಾಸವಿಲ್ಲ, ವಿಷಯವಿಲ್ಲ, ಮಾನ್ಯರೂ ಇಲ್ಲ.

"ಫಕ್ಕೀರಪ್ಪ ಡ್ರೈವರಣ್ಣಾ, ನಮಸ್ಕಾರ್ರಿ.
ಎಂಟೂವರಿಗೆ ಗೇಟಿನ ಹತ್ರ ನೀಲಿ ಛತ್ರಿ ಹಿಡ್ಕೊಂಡು
ಒಂದು ಹುಡುಗಿ ನಿಂತಿರ್ತಾಳಲ್ರಿ, ಅದು ನಾನು.
ಒಟ್ಟು ಏಳು ಮಂದಿ ಅದೀವ್ರಿ.
ಪಾಸಿನವರು ಅಂತ ಕಂಡಕ್ಟರ್ ಬೆಲ್ ಹೊಡಿಯಂಗಿಲ್ಲ,
ಅದು ನಿಮ್ಮ ತಪ್ಪಲ್ರಿ.
ಪೂರಾ ನಿಲ್ಲಿಸೋದೇನ್ ಬ್ಯಾಡ್ರಿ.
ಮುಂದೆ ಹಂಪಿನ ಹತ್ರ ಹ್ಯಾಂಗೂ ನಿಧಾನ ಮಾಡ್ತೀರಿ,
ಆ ಹಂಪು ಇಪ್ಪತ್ತು ಮಾರು ಈಚೆ ಐತಿ ಅಂದ್ಕೊಳ್ರಿ."

ಇದು ಯಾರ ಮಾತೇ, ಕರೆದು ಕೇಳಿದೆ.
"ಅವ್ರು ಗದಗದ ಕಡೆಯೋರು ಮಿಸ್.
ನಮ್ ಮಾತಲ್ ಬರದ್ರೆ ಅರ್ತ ಆಯ್ತದೆ, ತಾಕಾಕಿಲ್ಲ."
ಮ್ಯಾನೇಜರಿಗೆ ಯಾಕೆ ಬರೆಯಲಿಲ್ಲ?
ಅವಳು ನನ್ನನ್ನು ಕನಿಕರದಿಂದ ನೋಡಿದಳು.
"ಮ್ಯಾನೇಜರ್ ಕಾಲು ಮೇಜಿನ ಕೆಳಗವೆ ಮಿಸ್.
ಬ್ರೇಕ್ ಮೇಲಿರೋದು ಫಕ್ಕೀರಪ್ಪಣ್ಣನ ಕಾಲು."

ವಿಳಾಸಕ್ಕೊಂದು, ವಿಷಯಕ್ಕೊಂದು, ಒಡಲಿಗೆ ಎರಡು, ಮುಕ್ತಾಯಕ್ಕೊಂದು.
ನಾನು ಕೊಟ್ಟಿದ್ದು ಎರಡು.
ಪಕ್ಕದಲ್ಲಿ ಬರೆದೆ: ನಮೂನೆ ಸರಿಯಿಲ್ಲ.

ಆ ರಾತ್ರಿ ಸರಸ್ವತಿಪುರಂ ಮನೆಯಲ್ಲಿ
ಬೀರುವಿನಿಂದ ನನ್ನ ಫೈಲು ತೆಗೆದೆ.
ಆರು ವರ್ಷ, ಆರು ವರ್ಗಾವಣೆ ಅರ್ಜಿ.
ವಿಷಯ ಇದೆ, ಉಲ್ಲೇಖ ಇದೆ,
ಪತಿ-ಪತ್ನಿ ಪ್ರಕರಣ ಇದೆ, ಅತ್ತೆಯ ಡಯಾಲಿಸಿಸ್ ಚೀಟಿಗಳ ದೃಢೀಕೃತ ನಕಲು ಇದೆ.
ಐದಕ್ಕೆ ಐದು ಕೊಡಬಹುದು ಎಲ್ಲಕ್ಕೂ.
ಒಂದರಲ್ಲೂ ನೀಲಿ ಛತ್ರಿ ಇಲ್ಲ.
ಯಾರ ಕಾಲು, ಯಾವ ಬ್ರೇಕಿನ ಮೇಲೆ,
ಇಷ್ಟು ವರ್ಷ ನಾನು ವಿಚಾರಿಸಲೂ ಇಲ್ಲ.

ಪತ್ರದ ಇನ್ನೊಂದು ಪ್ರತಿಯನ್ನು ಅವಳು
ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೊಟ್ಟಿದ್ದಳಂತೆ.
ಗುರುವಾರ ಮೊದಲ ಬೆಲ್ಲಿಗೇ ಏಳೂ ಜನ ಹಾಜರ್.
ನಿಲ್ಲಿಸಿದರಾ, ಕೇಳಿದೆ.
"ನಿಲ್ಲಿಸ್ನಿಲ್ಲ ಮಿಸ್. ನಿಧಾನ ಮಾಡುದ್ರು."
ಶುಕ್ರವಾರ ಮತ್ತೆ ತಡ, ಮೊಣಕೈಯೆಲ್ಲ ದೂಳು.
"ಇವತ್ತು ಬೇರೆ ಡ್ರೈವರು. ಯಾವೂರೋರು ಅಂತ ಕೇಳ್ತಾ ಇವ್ನಿ."

ಆಮೇಲೆ ಸ್ಟಾಫ್ ರೂಮಿಗೆ ಬಂದಳು,
ಉತ್ತರದ ಹಾಳೆಯನ್ನು ಬೆನ್ನ ಹಿಂದೆ ಹಿಡಿದು
ಬಾಗಿಲಿನಲ್ಲೇ ಒಂದು ನಿಮಿಷ ನಿಂತಳು.
ಅಂಕದ ಮಾತೇ ಎತ್ತಲಿಲ್ಲ.
"ಮಿಸ್, ಮೈಸೂರಿಂದ ಆ ರಶ್ಶಲ್ ನಿಂತ್ಕೊಂಡೇ ಬರ್ತೀರಾ ದಿನಾ?
ಕಾಲ್ ನೋಯಾಕಿಲ್ವಾ?"

ನೋಯುತ್ತೆ ಕಣೇ, ಅಂದೆ.
ಮೇಜಿನ ಮೇಲೆ ಕೈ ತಾನಾಗಿಯೇ
ಕೆಂಪು ಪೆನ್ನು ಹುಡುಕುತ್ತಿತ್ತು.